ಹಡಗು ಹತ್ತಿದ ದ್ವೀಪ

ಫೋನು ಬಂದಾಗ ಅಕ್ಕ ಕಚೇರಿಯ ಕಿಟಕಿ ಪಕ್ಕ ನಿಂತು, ಆರಿಹೋದ ಟೀಯನ್ನು ಹಾಗೇ ಗುಟುಕರಿಸುತ್ತಿದ್ದಳು. ಹಡಗುಗಳ ನಕ್ಷೆ ತಯಾರಾಗುವ ಆ ಕಚೇರಿಯಲ್ಲಿ ಬಾಗಿಲು ಕಾಯುವವನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಅಕ್ಕ ಅಂತಲೇ. ಆದರೆ ಹಾಗೆ ಕರೆಯುವ ಹಕ್ಕನ್ನು ಹುಟ್ಟುತ್ತಲೇ ಪಡೆದು ಬಂದವನು ಒಬ್ಬನೇ. ಅವಳಿಗಿಂತ ಹತ್ತು ವರ್ಷ ಚಿಕ್ಕವನಾದ ತಮ್ಮ, ನೌಕಾಪಡೆಯ ಕ್ಯಾಪ್ಟನ್. ಫೋನಿನ ಆ ತುದಿಯಲ್ಲಿದ್ದವನೂ ಅವನೇ.

“ಅಕ್ಕಾ, ಒಂದು ವಿಷಯ. ಬೈಯಬಾರದು.”

“ಬೈಯೋ ಹಾಗಿದ್ರೆ ಬೈದೇ ಬೈತೀನಿ. ಹೇಳು.”

“ನಿನ್ನ ಚಪ್ಪಲಿ ದಡದ ಮೇಲೆ ಬಿಟ್ಟಿದ್ದೀನಿ.”

“ಬಿಟ್ರೆ ಹಾಕ್ಕೊಂಡು ಬಾ.”

“ಬರ್ತಾ ಇಲ್ಲ ಕಣೇ. ಕೂತ್ಬಿಟ್ಟಿದೆ.”

ಅಕ್ಕ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕುರ್ಚಿ ಎಳೆದುಕೊಂಡಳು.

ಕಾಗದಪತ್ರಗಳಲ್ಲಿ ಆ ಹಡಗಿಗೆ ಗಂಭೀರವಾದ ಹೆಸರೊಂದಿತ್ತು, ಬದಿಯಲ್ಲಿ ಆಳೆತ್ತರದ ನಂಬರಿತ್ತು. ಆದರೆ ನೀರಿಗಿಳಿದ ದಿನದಿಂದಲೇ ನಾವಿಕರ ಬಾಯಲ್ಲಿ ಅದು ‘ಚಪ್ಪಲಿ’. ತಳ ಚಪ್ಪಟೆ, ಮುಂದುಗಡೆ ಬಾಯಿ, ಹಿಂಭಾಗ ಎತ್ತರ, ಮತ್ತೇನಂತ ಕರೆಯಬೇಕು? ಬೇರೆ ಹಡಗುಗಳು ದಡ ಕಂಡರೆ, ಬೆಕ್ಕು ನೀರು ಕಂಡ ಹಾಗೆ ದೂರ ಸರಿಯುತ್ತವೆ. ಇದು ಬೇಕಂತಲೇ ದಡಕ್ಕೆ ನುಗ್ಗುವ ಹಡಗು. ಸೈನಿಕರನ್ನೂ ಲಾರಿಗಳನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಹೋಗಿ ಮರಳಿಗೆ ಎದೆ ಆನಿಸಬೇಕು, ಮುಂದಿನ ಎರಡು ಬಾಗಿಲು ತೆರೆಯಬೇಕು, ಒಳಗೆ ಮಡಿಸಿಟ್ಟ ಇಳಿಜಾರು ಹಲಗೆಯನ್ನು ನಾಲಿಗೆಯ ಹಾಗೆ ಚಾಚಬೇಕು, ಎಲ್ಲರೂ ಇಳಿದ ಮೇಲೆ ಮತ್ತೆ ಸಮುದ್ರಕ್ಕೆ ಹಿಂದೆ ಸರಿಯಬೇಕು. ನೆಂಟರ ಮನೆಯ ಹಾಗೆ, ಹೋಗುವುದು ಸುಲಭ, ಎದ್ದು ಬರುವುದೇ ಕಷ್ಟ. ಅದಕ್ಕಾಗಿ ದಡ ಇನ್ನೂ ದೂರವಿರುವಾಗಲೇ ಹಿಂಭಾಗದಿಂದ ಒಂದು ಲಂಗರನ್ನು ನೀರಿಗೆ ಬಿಟ್ಟು ಬರುತ್ತಾರೆ. ವಾಪಸಾಗುವಾಗ ಅದರ ಉಕ್ಕಿನ ಹಗ್ಗವನ್ನು ವಿಂಚ್ ಎಂಬ ಯಂತ್ರದ ರಾಟೆಯಲ್ಲಿ ಸುತ್ತುತ್ತಾ, ಬಾವಿಯಿಂದ ಕೊಡ ಸೇದಿದ ಹಾಗೆ, ಹಡಗು ತನ್ನನ್ನು ತಾನೇ ಹಿಂದಕ್ಕೆ ಸೇದಿಕೊಳ್ಳುತ್ತದೆ.

ಇದರ ನಕ್ಷೆಯನ್ನು, ಅದರಲ್ಲೂ ತಳವನ್ನು, ಗೆರೆ ಗೆರೆಯಾಗಿ ಬರೆದವಳು ಅಕ್ಕ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಮ್ಮನ ಬಟ್ಟೆ ಒಗೆಯುವ ಟಬ್ಬಿಗೆ ನೀರು ತುಂಬಿ, ಒಂದು ಮಗ್ಗುಲಿಗೆ ಮರಳು ಸುರಿದು, ಮೇಣ ಸವರಿದ ರಟ್ಟಿನ ಹಡಗುಗಳನ್ನು ಒಂದಾದ ಮೇಲೊಂದು ತೇಲಿಬಿಟ್ಟು ನೋಡಿದ್ದಳು. ಆಗ ಶಾಲೆಗೆ ಹೋಗುತ್ತಿದ್ದ ತಮ್ಮ ಅವುಗಳಿಗೆ ತನ್ನ ಆಟದ ಕಾರುಗಳನ್ನು ಹೇರಿ ಮುಳುಗಿಸುತ್ತಿದ್ದ. “ಒಬ್ಬಳು ತೇಲಿಸ್ತಾಳೆ, ಒಬ್ಬ ಮುಳುಗಿಸ್ತಾನೆ, ನನ್ನ ಬಟ್ಟೆ ಒಗೆಯೋರು ಯಾರು?” ಎಂದು ಅಮ್ಮ ಹಿತ್ತಲಿಂದ ಕೂಗುತ್ತಿದ್ದಳು. ಅದೇ ಹಡಗಿಗೆ ಅವನೇ ಕ್ಯಾಪ್ಟನ್ ಆಗಿ ಹೋದಾಗ ಮನೆಯಲ್ಲಿ ಎಲ್ಲರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು.

ಇಷ್ಟಿದ್ದೂ ಅಕ್ಕ ಆ ಹಡಗಿನಲ್ಲಿ ಒಮ್ಮೆಯೂ ಪ್ರಯಾಣ ಮಾಡಿದವಳಲ್ಲ. ಚಪ್ಪಟೆ ತಳದ ಹಡಗು ಅಲೆಗೆ ಸಿಕ್ಕರೆ ತಟ್ಟೆಯ ಹಾಗೆ ಹೊರಳುತ್ತದೆ. ಅಕ್ಕನಿಗೋ, ಉಯ್ಯಾಲೆಯಲ್ಲಿ ಬೇರೆಯವರು ಆಡುವುದನ್ನು ಕಂಡರೂ ಹೊಟ್ಟೆ ತೊಳೆಸುತ್ತಿತ್ತು. ಹಡಗುಕಟ್ಟೆಯಲ್ಲಿ ನಿಂತು ಕೈಬೀಸಿ ಕಳಿಸಿದ್ದೇ ಅವಳ ಸಮುದ್ರಯಾನ.

ತಮ್ಮ ನಡೆದದ್ದನ್ನು ಹೇಳಿದ. ಒಂದು ಸಣ್ಣ ದ್ವೀಪ. ಬಿರುಗಾಳಿಯಲ್ಲಿ ಸಮುದ್ರ ಮೇಲೇರಿ ಬಂದು ಅಲ್ಲಿನ ಬಾವಿಗಳೆಲ್ಲ ಉಪ್ಪಾಗಿದ್ದವು. ಸಿಹಿನೀರಿನ ಟ್ಯಾಂಕರುಗಳನ್ನೂ, ಉಪ್ಪುನೀರನ್ನು ಸೋಸುವ ಯಂತ್ರವನ್ನೂ ಹೊತ್ತು ಚಪ್ಪಲಿ ಹೋಯಿತು. ಕೆಳಗಿನ ಮರಳು ಮೆತ್ತಗಿದ್ದದ್ದರಿಂದ, ಹುಣ್ಣಿಮೆಯ ದೊಡ್ಡ ಉಬ್ಬರ ನೋಡಿಕೊಂಡು ಹಡಗನ್ನು ತಮ್ಮ ಸ್ವಲ್ಪ ಮೇಲಕ್ಕೇ ಏರಿಸಿದ. ಟ್ಯಾಂಕರುಗಳು ಗಟ್ಟಿ ನೆಲದ ಮೇಲೆ ಚೆನ್ನಾಗಿ ಇಳಿದವು. ಆದರೆ ಅಷ್ಟರೊಳಗೆ ನೀರು ಇಳಿಯಿತು, ಗಾಳಿ ತಿರುಗಿತು, ಹಿಂದೆ ಬದಿಯಲ್ಲೆಲ್ಲ ಮರಳು ಬಂದು ಮೆತ್ತಿಕೊಂಡಿತು. ಇನ್ನು ಅಷ್ಟು ನೀರು ಬರುವುದು ಅಮಾವಾಸ್ಯೆಗೇ. ಸುತ್ತ ಬಂಡೆಗಳಿದ್ದದ್ದರಿಂದ ಎಳೆಯುವ ಟಗ್ ದೋಣಿ ಹತ್ತಿರಕ್ಕೆ ಬರುವ ಹಾಗಿರಲಿಲ್ಲ.

“ಯಾರಿಗಾದ್ರೂ ಏನಾದ್ರೂ ಆಯ್ತಾ?”

“ಏನೂ ಇಲ್ಲ. ನನ್ನ ಮಾನ ಹೋಯ್ತು, ಅಷ್ಟೇ.”

ಮರುದಿನವೇ ಮೇಲಿನಿಂದ ಆಜ್ಞೆ ಬಂತು: ತಳ ಬರೆದವರೇ ಹೋಗಿ, ಹಡಗು ಬರುತ್ತದೋ ಇಲ್ಲವೋ ನೋಡಿ ಹೇಳಲಿ. ಅಕ್ಕ ಬ್ಯಾಗಿಗೆ ಬಟ್ಟೆ ತುಂಬುವಷ್ಟರಲ್ಲಿ ಅಮ್ಮನೂ ತನ್ನ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ನೀನೆಲ್ಲಿಗೆ?”

“ಇಬ್ಬರು ಮಕ್ಕಳೂ ಒಂದೇ ಕಡೆ ಸಿಗೋದು ಅಪರೂಪಕ್ಕೆ. ಒಬ್ಬ ಯಾವಾಗ್ಲೂ ಸಮುದ್ರದಲ್ಲಿ, ಒಬ್ಬಳು ಯಾವಾಗ್ಲೂ ಆಫೀಸಲ್ಲಿ. ಈಗ ಅವನು ಓಡಿಹೋಗೋ ಹಾಗೂ ಇಲ್ಲ. ಇಂಥ ಸಮಯ ಬಿಟ್ರೆ ನಾನು ಪೆದ್ದಿ.”

ಸಾಮಾನು ಸಾಗಿಸುವ ದೋಣಿಯಲ್ಲಿ ಅಕ್ಕ ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ. ಅಮ್ಮ ಮಾತ್ರ ದೋಣಿಯವನಿಗೆ ಮದುವೆಯಾಗಿದೆಯೇ, ಎಷ್ಟು ಮಕ್ಕಳು, ಹೆಂಡತಿಯ ಮಂಡಿನೋವು ಹೇಗಿದೆ ಎಂಬುದನ್ನೆಲ್ಲ ವಿಚಾರಿಸಿ ಮುಗಿಸಿದ್ದಳು.

ದ್ವೀಪ ಕಣ್ಣಿಗೆ ಬೀಳುವ ಮೊದಲು ಕಂಡದ್ದು ಚಪ್ಪಲಿಯೇ. ಮೀನುಗಾರರ ಪುಟ್ಟ ಮನೆಗಳ ಪಕ್ಕದಲ್ಲಿ, ಬೀದಿಯ ಕೊನೆಯ ಮನೆ ಅನ್ನುವ ಹಾಗೆ ಕೂತಿತ್ತು. ಬದಿಗೆ ಕಟ್ಟಿದ ಹಗ್ಗದಲ್ಲಿ ಯಾರದೋ ಬೆಡ್‌ಶೀಟು ಒಣಗುತ್ತಿತ್ತು. ಚಾಚಿದ ಹಲಗೆಯ ಮೇಲೆ ಮಕ್ಕಳು ಜಾರುಬಂಡೆ ಆಡುತ್ತಿದ್ದರು. ಆ ಗದ್ದಲದ ನಡುವೆ ತಮ್ಮ ಗಡ್ಡ ಬಿಟ್ಟುಕೊಂಡು, ಟೋಪಿ ಕಂಕುಳಲ್ಲಿ ಇರುಕಿಕೊಂಡು, ಫೇಲಾದ ಹುಡುಗನ ಹಾಗೆ ನಿಂತಿದ್ದ.

ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಚಪ್ಪಲಿ ಕಳ್ಕೊಂಡೋರನ್ನ ನೋಡಿದೀನಿ. ಚಪ್ಪಲಿ ಒಳಗೇ ಸಿಕ್ಕಿಹಾಕ್ಕೊಂಡೋನನ್ನ ಇವತ್ತೇ ನೋಡಿದ್ದು,” ಎಂದು ಅವನ ಕೆನ್ನೆ ಹಿಡಿದಳು. ಸುತ್ತಲಿದ್ದ ನಾವಿಕರು ಮುಖ ತಿರುಗಿಸಿ ಭುಜ ಕುಣಿಸಿದರು. ತಮ್ಮನಿಗೂ ನಗು ತಡೆಯಲಾಗಲಿಲ್ಲ. ಬಂದ ದಿನದಿಂದ ಅವನು ನಕ್ಕದ್ದು ಅದೇ ಮೊದಲಂತೆ. ಹಡಗಿನ ಅಡುಗೆಯವನು ಆಮೇಲೆ ಅಕ್ಕನಿಗೆ ಹೇಳಿದ.

ನೀರು ಇಳಿದಾಗ ಅಕ್ಕ ಒಬ್ಬಳೇ ಒದ್ದೆ ಮರಳಿನ ಮೇಲೆ ಹಡಗನ್ನು ಸುತ್ತಿ ಬಂದಳು. ಕಾಗದದ ಮೇಲೆ ತಿಂಗಳುಗಟ್ಟಲೆ ನೋಡಿದ್ದ ಬಾಗು ಈಗ ತಲೆಯ ಮೇಲೆ ಚಾವಣಿಯ ಹಾಗೆ ಬಾಗಿತ್ತು. ಬಣ್ಣ ಎದ್ದಿತ್ತು, ಚಿಪ್ಪುಗಳು ಕಚ್ಚಿಕೊಂಡಿದ್ದವು, ಅಲ್ಲಲ್ಲಿ ತಗ್ಗು, ಅಲ್ಲಲ್ಲಿ ತೇಪೆ. ಒಂದು ತೇಪೆಯ ಮೇಲೆ ಅಂಗೈಯಿಟ್ಟು ನಿಂತಾಗ ಹಿಂದಿನಿಂದ ಕೆಮ್ಮು ಕೇಳಿಸಿತು. ಮೇಸ್ತ್ರಿ. ಡೆಕ್ಕಿನ ಕೆಲಸಕ್ಕೆಲ್ಲ ಹಿರಿಯ, ಹಗ್ಗ ಲಂಗರು ಬಾಗಿಲು ಎಲ್ಲ ಅವನ ಉಸ್ತುವಾರಿ. ಹಡಗು ನೀರಿಗಿಳಿದ ವರ್ಷದಿಂದ ಇದರಲ್ಲೇ ಇದ್ದವನು.

“ಅದು ಹಸುಗಳ ಕಾಲದ್ದು ಮೇಡಂ,” ಎಂದ.

“ಹಸುಗಳಾ?”

“ಮತ್ತೆ? ಯುದ್ಧಕ್ಕೆ ಅಂತ ಕಟ್ಟಿದ್ರು. ಯುದ್ಧ ಇದರ ಕಡೆ ತಿರುಗಿಯೂ ನೋಡ್ಲಿಲ್ಲ. ಮೊದಮೊದಲು ಸೈನಿಕರನ್ನ ತುಂಬ್ಕೊಂಡು ಸುಳ್ಳುಸುಳ್ಳು ಯುದ್ಧ ಆಡಿದ್ವಿ. ಒಬ್ಬ ದೊಡ್ಡ ಅಧಿಕಾರಿ ‘ಮುನ್ನುಗ್ಗಿ’ ಅಂತ ಕೂಗಿ ಹಲಗೆಯಿಂದ ಹಾರಿದ್ರು. ಕೆಳಗೆ ಗುಂಡಿ. ಟೋಪಿ ಮಾತ್ರ ತೇಲ್ತಾ ಮುನ್ನುಗ್ತು.”

ಅಕ್ಕ ತೇಪೆಗೆ ಒರಗಿಕೊಂಡು ನಕ್ಕಳು. ಮೇಸ್ತ್ರಿಗೆ ಹುರುಪು ಬಂತು. ನದಿ ಉಕ್ಕಿ ಊರುಗಳು ಮುಳುಗಿದಾಗ ಹಡಗು ತುಂಬ ಹಸು ಕರು ಹೇರಿ ತಂದದ್ದು, ಅವು ಒಳಗಿನ ಮೇವು ಬಿಟ್ಟು ಇಳಿಯಲೊಲ್ಲೆ ಅಂದದ್ದು. ಒಂದು ದ್ವೀಪಕ್ಕೆ ಪುಟಾಣಿ ರೈಲು ಎಂಜಿನ್ ಸಾಗಿಸಿದ್ದು, ಅದರ ಡ್ರೈವರು ಹಡಗಿನ ಹೊಟ್ಟೆಯೊಳಗೇ ಸೀಟಿ ಊದಿ ಎಲ್ಲರ ಕಿವಿ ಕಿವುಡು ಮಾಡಿದ್ದು. ಆಮೇಲೆ ಒಂದು ಮಳೆಗಾಲವಿಡೀ ಒಳಗೆಲ್ಲ ಸುಣ್ಣ ಬಳಿದು ಆಸ್ಪತ್ರೆ ಮಾಡಿದ್ದು, ಯುದ್ಧದ ಟ್ಯಾಂಕುಗಳು ನಿಲ್ಲಬೇಕಾದ ಜಾಗದಲ್ಲಿ ಮಕ್ಕಳು ಹುಟ್ಟಿದ್ದು.

“ಎಷ್ಟು ಮಕ್ಕಳು?”

“ಹಗಲು ಇಲ್ಲ ರಾತ್ರಿ ಇಲ್ಲ, ಲೆಕ್ಕ ಇಟ್ಟೋರು ಯಾರು? ಬಾಣಂತಿಯರು ಅಲೆಗೆ ಹೊರಳಬಾರದು ಅಂತ ದಡದ ಮೇಲೇ ಕೂರಿಸಿದ್ವಿ. ಕೂರೋದು ಇದಕ್ಕೆ ಹೊಸದಲ್ಲ ಮೇಡಂ. ಕ್ಯಾಪ್ಟನ್ ಸಾಹೇಬರು ಸುಮ್ನೆ ಕೊರಗ್ತಾರೆ.”

ಅಕ್ಕ ಹಡಗಿನಲ್ಲೇ ಉಳಿದಳು. ಅಲುಗಾಡದ ಹಡಗು! ಜೀವನದಲ್ಲಿ ಮೊದಲ ಸಲ ತಾನು ಬರೆದ ಮೆಟ್ಟಿಲುಗಳನ್ನು ಹತ್ತಿ ಇಳಿದಳು, ತಾನು ಇಕ್ಕಟ್ಟಾಗಿ ಬರೆದ ಬಾಗಿಲಿಗೆ ತಾನೇ ಹಣೆ ಚಚ್ಚಿಕೊಂಡಳು. ಅಮ್ಮ ಅಡುಗೆಮನೆ ಸೇರಿಕೊಂಡು ಅಡುಗೆಯವನ ಉಪ್ಪಿನ ಕೈ ತಿದ್ದತೊಡಗಿದಳು. ಊರವರೂ ಕೈಕಟ್ಟಿ ಕೂರಲಿಲ್ಲ. ಬಿರುಗಾಳಿಗೆ ಶಾಲೆಯ ಮಾಡು ಹಾರಿಹೋಗಿತ್ತು. ದ್ವೀಪದ ಏಕೈಕ ಶಾಲೆಯನ್ನು ಒಬ್ಬಳೇ ನಡೆಸುತ್ತಿದ್ದ ಟೀಚರಮ್ಮ ಕ್ಯಾಪ್ಟನ್ನನ್ನು ಕೇಳಿಯೂ ಕೇಳದ ಹಾಗೆ ಹಡಗಿನ ದೊಡ್ಡ ಹಜಾರದಲ್ಲಿ ಕಪ್ಪುಹಲಗೆ ನಿಲ್ಲಿಸಿದಳು. ಲಾರಿಗಳು ನಿಲ್ಲುವ ಆ ಉದ್ದನೆಯ ಕಬ್ಬಿಣದ ಹಜಾರದಲ್ಲಿ ಮಗ್ಗಿ ಹೇಳಿದರೆ ಎರಡೆರಡು ಸಲ ಕೇಳಿಸುತ್ತಿತ್ತು. “ಒಂದು ಸಲ ಹೇಳಿದ್ರೆ ಎರಡು ಸಲ ಕಲಿತ ಹಾಗೆ,” ಎನ್ನುತ್ತಿದ್ದಳು ಟೀಚರಮ್ಮ. ನರೆಗೂದಲು, ಗುಂಡು ದೇಹ, ಕೊರಳಲ್ಲಿ ಸದಾ ತೂಗುವ ಸೀಟಿ. ಊರಿನ ಅಜ್ಜಂದಿರೂ ಆಕೆಯ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ.

ರಾತ್ರಿಯೂಟಕ್ಕೆ ತಾಯಿ ಮಕ್ಕಳು ಮೂವರೂ ಕ್ಯಾಪ್ಟನ್ ಕೋಣೆಯ ಪುಟ್ಟ ಮೇಜಿನ ಸುತ್ತ ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದರು. ಅಪ್ಪ ಹೋದ ಮೇಲೆ ಹಾಗೆ ದಿನಾ ಒಟ್ಟಿಗೆ ಉಂಡದ್ದೇ ಇರಲಿಲ್ಲ.

“ನಿಜ ಹೇಳ್ಲಾ?” ಎಂದಳು ಅಮ್ಮ ಒಂದು ದಿನ. “ಇದು ಇಲ್ಲೇ ಇದ್ದುಬಿಟ್ರೂ ನನಗೇನೂ ತಕರಾರಿಲ್ಲ.”

ತಮ್ಮ ತಟ್ಟೆ ಪಕ್ಕಕ್ಕೆ ಸರಿಸಿದ. “ಇರೋದಿಲ್ಲಮ್ಮ. ಬೆಳಿಗ್ಗೆ ವೈರ್‌ಲೆಸ್‌ನಲ್ಲಿ ಹೇಳಿದ್ರು. ಅಮಾವಾಸ್ಯೆ ಉಬ್ಬರಕ್ಕೆ ಬಂದ್ರೆ ಬಂತು. ಇಲ್ಲದಿದ್ರೆ ಹಳೇ ಹಡಗು, ಖರ್ಚು ದಂಡ, ಅಲ್ಲೇ ಕತ್ತರಿಸಿ ಗುಜರಿಗೆ ಕೊಡ್ತೀವಿ ಅಂದ್ರು.”

ಅಕ್ಕನಿಗೆ ತೇಪೆಯ ಮೇಲೆ ಇಟ್ಟಿದ್ದ ಅಂಗೈ ನೆನಪಾಯಿತು. ಕತ್ತರಿಸಿದರೆ ಊರವರ ದೋಣಿಗಳು ಏರುವ ಒಂದೇ ದಡದಲ್ಲಿ ವರ್ಷಗಟ್ಟಲೆ ತುಕ್ಕುರಾಶಿ ಬಿದ್ದಿರುತ್ತದೆ. ತಮ್ಮ ಕೊನೆಯವರೆಗೂ ‘ಹಡಗು ಬಿಟ್ಟುಬಂದವನು’ ಆಗುತ್ತಾನೆ.

“ನಾನು ಬಂದಿರೋದು ಉಂಡು ಮಲಗೋಕಲ್ಲ,” ಎಂದಳು ಅಕ್ಕ. “ಬೆಳಿಗ್ಗೆ ಸಲಿಕೆ ಎಷ್ಟಿವೆ ನೋಡು.”

ಮರುದಿನದಿಂದ ಇಳಿತದ ಹೊತ್ತಿಗೆಲ್ಲ ನಾವಿಕರು ಹಡಗಿನ ಎರಡೂ ಬದಿ ಕಾಲುವೆ ತೋಡಿದರು. ಉಬ್ಬರ ಬಂದು ಅರ್ಧ ಮುಚ್ಚುತ್ತಿತ್ತು, ಮತ್ತೆ ತೋಡಿದರು. ಹಡಗಿನ ಮುಂಭಾಗದ ತೊಟ್ಟಿಗಳಲ್ಲಿ ಭಾರಕ್ಕೆಂದು ತುಂಬಿದ್ದ ಸಮುದ್ರದ ನೀರನ್ನೆಲ್ಲ ಪಂಪು ಹಚ್ಚಿ ಹೊರಚೆಲ್ಲಿ ಮೂತಿಯನ್ನು ಹಗುರ ಮಾಡಿದರು. ಹಿಂದಿನ ಲಂಗರನ್ನು ದೋಣಿಯಲ್ಲಿ ಇನ್ನಷ್ಟು ದೂರ ಒಯ್ದು ಗಟ್ಟಿ ನೆಲದಲ್ಲಿ ಬಿಟ್ಟರು. ಅಮಾವಾಸ್ಯೆಯ ಹಿಂದಿನ ಬೆಳಿಗ್ಗೆ ನೀರು ತುಂಬಿದಾಗ ಎಂಜಿನ್ ಹಿಂದಕ್ಕೆ ತಿರುಗಿತು, ವಿಂಚ್ ಹಗ್ಗ ಬಿಗಿಯಿತು. ಹಡಗು ಮೈಯೆಲ್ಲ ನಡುಗಿತು, ಕದಲಲಿಲ್ಲ.

“ಮರಳು ಹೀರಿಕೊಂಡಿದೆ,” ಎಂದಳು ಅಕ್ಕ. “ಕೆಸರಲ್ಲಿ ಕಾಲು ಹೂತ ಹಾಗೆ. ನೇರ ಎಳೆದ್ರೆ ಬರಲ್ಲ. ಆ ಕಡೆ ಈ ಕಡೆ ಅಲ್ಲಾಡಿಸಬೇಕು. ಇರೋರೆಲ್ಲ ಒಟ್ಟಿಗೆ ಈ ಗೋಡೆಯಿಂದ ಆ ಗೋಡೆಗೆ ಓಡಬೇಕು.”

ನಾವಿಕರೆಲ್ಲ ಹಜಾರದಲ್ಲಿ ಸಾಲಾಗಿ ನಿಂತು ಓಡಿದರು. ಅಡುಗೆಯವನೂ ಸೌಟು ಹಿಡಿದೇ ಓಡಿದ. ಹಡಗು ನಿದ್ದೆಯಲ್ಲಿ ಮಗ್ಗುಲಾಗಲು ಯೋಚಿಸಿದಂತೆ ಒಂದಿಷ್ಟು ವಾಲಿ, ಬೇಡವೆಂದು ಸುಮ್ಮನಾಯಿತು. ನೀರು ಇಳಿಯಿತು.

ಅಕ್ಕ ಇಳಿಜಾರು ಹಲಗೆಯ ಮೇಲೆ ಕೂತು ಲೆಕ್ಕ ಹಾಕುತ್ತಿದ್ದಾಗ ಟೀಚರಮ್ಮ ಬಂದು ಪಕ್ಕದಲ್ಲಿ ಕೂತಳು.

“ಏನು ಕಡಿಮೆ ಬಿತ್ತು?”

“ತೂಕ. ಓಡೋ ತೂಕ. ಚೀಲ ಇಟ್ಟರೆ ಆಗಲ್ಲ, ಕಾಲಿರಬೇಕು. ಇನ್ನೂ ತುಂಬ ಜನ ಬೇಕು.”

“ಜನ ತಾನೇ?” ಟೀಚರಮ್ಮ ಸೆರಗಿನಿಂದ ಬೆವರು ಒರೆಸಿಕೊಂಡಳು. “ನಮ್ಮ ದ್ವೀಪದಲ್ಲಿ ಬೇರೆ ಏನಿದೆ? ನೀರಿಲ್ಲ, ಮಾಡಿಲ್ಲ, ಜನ ಮಾತ್ರ ಬೇಕಾದಷ್ಟು. ಎಷ್ಟು ಹೊತ್ತಿಗೆ ಕರ್ಕೊಂಡು ಬರ್ಲಿ?”

ತಮ್ಮ ಕೇಳಿದವನೇ ಎರಡೂ ಕೈ ಮೇಲೆತ್ತಿದ. “ಆಗೋದಿಲ್ಲ! ನೌಕಾಪಡೆ ಹಡಗಲ್ಲಿ ಊರಿಗೆ ಊರೇ ಓಡಾಡೋದಾ? ನನ್ನ ಚರ್ಮ ಸುಲಿದು ಡೋಲು ಕಟ್ತಾರೆ.”

“ಅಪಾಯ ಏನೂ ಇಲ್ಲ ಕಣೋ,” ಎಂದಳು ಅಕ್ಕ. “ನಾಲ್ಕೂ ಕಡೆ ಗೋಡೆ, ಕೆಳಗೆ ಮರಳು. ಬಿದ್ರೆ ಒಬ್ಬರ ಮೇಲೊಬ್ಬರು ಬೀಳಬೇಕು.”

“ಮೇಲಿನವರಿಗೆ ಏನು ಹೇಳ್ಲಿ?”

“ಕೇಳಿದ್ರೆ ತಾನೇ ಹೇಳೋದು?” ಎಂದಳು ಅಮ್ಮ.

ಟೀಚರಮ್ಮ ಅವನ ಮುಂದೆ ನಿಂತು ಸೊಂಟದ ಮೇಲೆ ಕೈಯಿಟ್ಟಳು. “ನೋಡಪ್ಪಾ ಕ್ಯಾಪ್ಟನ್ನು. ನಾವು ಉಪ್ಪುನೀರು ಕುಡಿದು ಸಾಯೋದನ್ನ ತಪ್ಪಿಸೋಕೆ ನೀನು ಇಲ್ಲಿ ಕೂತೆ. ನಿನ್ನನ್ನ ಎಬ್ಬಿಸಿ ಕಳಿಸೋದು ನಮ್ಮ ಕೆಲಸ. ಬೇಡ ಅನ್ನೋಕೆ ನೀನ್ಯಾರು?”

ಕ್ಯಾಪ್ಟನ್ನು ಎತ್ತಿದ್ದ ಕೈ ಇಳಿಸಿ, “ಆಯ್ತು ಟೀಚರ್,” ಎಂದ.

ಅಮಾವಾಸ್ಯೆಯ ದಿನ ಬೆಳಕು ಹರಿಯುತ್ತಲೇ ದ್ವೀಪ ಹಡಗು ಹತ್ತಿತು. ಬಲೆ ಬಿಟ್ಟು ಗಂಡಸರು ಬಂದರು, ಒಲೆ ಆರಿಸಿ ಹೆಂಗಸರು ಬಂದರು. ಮಕ್ಕಳಂತೂ ಕರೆಯುವ ಮೊದಲೇ ಒಳಗಿದ್ದರು. ಊರಿನ ನಾಯಿಗಳೂ ಬಂದವು. ದಪ್ಪಗಿದ್ದವರಿಗೆ ಆ ದಿನ ಎಲ್ಲಿಲ್ಲದ ಮರ್ಯಾದೆ. ಬೇಕರಿಯವನನ್ನು ಕಂಡು ಮೇಸ್ತ್ರಿ, “ನೀವು ಬಂದ್ರಲ್ಲ, ಅರ್ಧ ಕೆಲಸ ಆಯ್ತು,” ಎಂದು ಕೈಕುಲುಕಿದ. ಅಮ್ಮ ಮಾತ್ರ ಓಡುವ ಹಾಗಿರಲಿಲ್ಲ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಬದಿಗಿಡೋಣ ಎಂದರೆ ಕೇಳಬೇಕಲ್ಲ. “ನನ್ನ ತೂಕವೂ ತೂಕವೇ!” ಕಡೆಗೆ ಸಾಮಾನು ಸಾಗಿಸುವ ತಳ್ಳುಗಾಡಿಯಲ್ಲಿ, ಮಡಿಲಲ್ಲಿ ಈರುಳ್ಳಿ ಚೀಲ ಇಟ್ಟುಕೊಂಡು ಕೂತಳು. ಅಡುಗೆಯವನು ಅವಳ ಸಾರಥಿಯಾದ.

ಹಲಗೆ ಮೇಲೆದ್ದಿತು, ಮುಂಬಾಗಿಲುಗಳು ಮುಚ್ಚಿಕೊಂಡವು. ತಮ್ಮ ಮೇಲೆ ಚುಕ್ಕಾಣಿಯ ಕೋಣೆಯಲ್ಲಿ, ಮೇಸ್ತ್ರಿ ವಿಂಚಿನ ಬಳಿ, ಅಕ್ಕ ಹಜಾರದ ನಡುವೆ ಮೆಟ್ಟಿಲ ಮೇಲೆ. ನೀರು ಗುರುತಿನ ಮಟ್ಟಕ್ಕೆ ಏರಿತೆಂದು ತಮ್ಮ ಮೇಲಿಂದ ಕೂಗಿದ್ದೇ ಅಕ್ಕ ಕೈ ಬೀಸಿದಳು, ಟೀಚರಮ್ಮ ಸೀಟಿ ಊದಿದಳು.

ಇಡೀ ಊರು ಎಡಗೋಡೆಗೆ ನುಗ್ಗಿತು. ಮತ್ತೆ ಸೀಟಿ, ಬಲಗೋಡೆಗೆ. ಮೊದಲು ಎಲ್ಲ ಚೆಲ್ಲಾಪಿಲ್ಲಿ. ಅರ್ಧ ಜನ ಹೋಗುವಾಗ ಅರ್ಧ ಜನ ಬರುತ್ತಿದ್ದರು, ಡಿಕ್ಕಿ ಹೊಡೆದು ನಗುತ್ತಿದ್ದರು. ಟೀಚರಮ್ಮನ ಮುಖ ಕೆಂಪಾಯಿತು. “ಮೀನು ಮಾರೋ ಕಟ್ಟೆ ಅಂದ್ಕೊಂಡ್ರಾ ಇದನ್ನ? ಸಾಲು! ಸಾಲು ಹಿಡೀರಿ! ಗೋಡೆ ಮುಟ್ಟದೆ ತಿರುಗಿದೋರನ್ನ ಬೆಂಚಿನ ಮೇಲೆ ನಿಲ್ಲಿಸ್ತೀನಿ!” ನೆರೆತ ಮೀಸೆಯ ಅಜ್ಜಂದಿರು ಥಟ್ಟನೆ ಸಾಲಾದರು. ಆಮೇಲೆ ಕಾಲುಗಳು ಒಂದೇ ತಾಳಕ್ಕೆ ಬಿದ್ದವು. ಕಬ್ಬಿಣದ ನೆಲ ಗುಡುಗಿತು. ತಳ್ಳುಗಾಡಿ ಗಡಗಡ ಉರುಳಿತು, “ಜೋರಾಗಿ ಓಡೋ, ಎಮ್ಮೆ ಥರ ಹೋಗ್ಬೇಡ!” ಎಂದು ಅಮ್ಮ ಸಾರಥಿಯನ್ನು ಗದರಿದಳು.

ಅಕ್ಕ ಕಂಬಿ ಹಿಡಿದು ಕಣ್ಣು ಮುಚ್ಚಿದಳು. ವಾಲಿತು. ಹಿಂತಿರುಗಿತು. ಮೊದಲಿಗಿಂತ ಜಾಸ್ತಿ ವಾಲಿತು. ಕೆಳಗೆಲ್ಲೋ, ಕೆಸರಿಂದ ಕಾಲು ಕಿತ್ತಾಗ ಬರುವಂಥ ‘ಚ್ಲಪ್’ ಸದ್ದು, ಆದರೆ ಒಂದು ಮನೆಯಷ್ಟು ದೊಡ್ಡದು.

“ನಿಲ್ಲಿಸ್ಬೇಡಿ!” ಎಂದು ಕಿರುಚಿದಳು. “ಬರ್ತಾ ಇದೆ! ಓಡಿ! ಓಡಿ!”

ವಿಂಚ್ ಅರಚಿತು. ಹಡಗು ಒಮ್ಮೆ ಜಗ್ಗಿ, ತಡೆದು, ಮತ್ತೆ ಜಗ್ಗಿ, ಆಮೇಲೆ ಬೆಣ್ಣೆಯ ಮೇಲಿನ ಚಾಕುವಿನ ಹಾಗೆ ಮೆತ್ತಗೆ ಹಿಂದಕ್ಕೆ ಜಾರಿತು. ಓಡುತ್ತಿದ್ದವರಿಗೆ ಗೊತ್ತೇ ಆಗಲಿಲ್ಲ. ಅವರು ಇನ್ನೂ ಗೋಡೆಯಿಂದ ಗೋಡೆಗೆ ಓಡುತ್ತಲೇ ಇದ್ದರು. ಗೊತ್ತಾದದ್ದು ಅಕ್ಕನ ಹೊಟ್ಟೆಗೆ. ಆ ತೊಳೆಸುವಿಕೆ ಅವಳಿಗೆ ಹಿಂದೆಂದೂ ಅಷ್ಟು ಹಿತವಾಗಿರಲಿಲ್ಲ. “ತೇಲ್ತಿದೆ!” ಎಂದವಳೇ ಅಲ್ಲಿದ್ದ ಬಕೆಟ್ಟಿಗೆ ಮುಖವಿಟ್ಟಳು.

ಹಜಾರ ಹೋ ಎಂದಿತು. ಒಬ್ಬರನ್ನೊಬ್ಬರು ತಬ್ಬಿಕೊಂಡರು, ಬೇಕರಿಯವನನ್ನು ಎತ್ತಲು ಹೋಗಿ ಕೈಬಿಟ್ಟರು, ನಾಯಿಗಳು ಬೊಗಳಿದವು. ತಮ್ಮ ಮೇಲಿಂದ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಂದು ಅಕ್ಕನನ್ನು ಬಕೆಟ್ ಸಮೇತ ಅಪ್ಪಿಕೊಂಡ. ಆಮೇಲೆ ತಲೆಯೆತ್ತಿ ಹಜಾರ ನೋಡಿದ. ನೋಡುತ್ತಲೇ ಇದ್ದ.

“ಅಕ್ಕಾ. ಇವರನ್ನ ಇಳಿಸೋದು ಹೇಗೆ?”

ಅದನ್ನು ಯಾರೂ ಯೋಚಿಸಿರಲಿಲ್ಲ. ನೌಕಾಪಡೆ ಯೋಚಿಸಿರಲಿಲ್ಲ, ನಕ್ಷೆ ಬರೆದವಳು ಯೋಚಿಸಿರಲಿಲ್ಲ, ಟೀಚರಮ್ಮನೂ ಯೋಚಿಸಿರಲಿಲ್ಲ. ಇಡೀ ದ್ವೀಪ ಸಮುದ್ರದ ಮೇಲಿತ್ತು; ದಡದಲ್ಲಿ ಉಳಿದದ್ದು ಕೋಳಿಗಳು ಮಾತ್ರ.

ಅಷ್ಟರಲ್ಲಿ ವೈರ್‌ಲೆಸ್ ಕೂಗಿತು. ತಮ್ಮ ಓಡಿದ, ಅಕ್ಕ ಬಕೆಟ್ ಹಿಡಿದು ಹಿಂದೆ.

“ಹಡಗು ತೇಲಿತೇ?” ಆ ಕಡೆಯ ಅಧಿಕಾರಿಯ ದನಿ.

“ತೇಲಿದೆ ಸರ್!”

“ಶಭಾಷ್. ಏನೋ ಗದ್ದಲ ಕೇಳ್ತಿದೆಯಲ್ಲ? ಹಡಗಲ್ಲಿ ಎಷ್ಟು ಜನ ಇದ್ದೀರಿ?”

ತಮ್ಮ ಅಕ್ಕನನ್ನು ನೋಡಿದ. ಅಕ್ಕ ಬಕೆಟ್ಟನ್ನು ನೋಡಿದಳು.

“ಒಂದು ದ್ವೀಪ, ಸರ್.”

ವೈರ್‌ಲೆಸ್ ಗರಗರ ಎಂದಿತು. ಆಮೇಲೆ ಆ ದನಿ ಹೇಳಿತು: “ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಅಂತ ಇಟ್ಟುಕೊಳ್ತೀನಿ. ಸಂಜೆಯೊಳಗೆ ಸರಿಮಾಡಿ.” ನಗು ತಡೆದ ದನಿಯಂತಿತ್ತು.

ಇಳಿಯುವ ನೀರಿನಲ್ಲಿ ದಡ ಏರುವ ಹಾಗಿಲ್ಲ. ಏರಿದರೆ ಮತ್ತೆ ಅದೇ ಕತೆ. ಮಧ್ಯಾಹ್ನ ಕಳೆದು ನೀರು ಏರತೊಡಗುವವರೆಗೆ ಕಾಯಬೇಕು. “ಹಾಗಾದ್ರೆ ಒಂದು ಸುತ್ತು ಹಾಕಿಸಿ,” ಎಂದಳು ಟೀಚರಮ್ಮ, ಬಸ್ಸಿನವನಿಗೆ ಹೇಳಿದ ಹಾಗೆ.

ಹೀಗಾಗಿ ಆ ದಿನ ಚಪ್ಪಲಿ ದ್ವೀಪದ ಸುತ್ತ ನಿಧಾನವಾಗಿ ತಿರುಗಿತು. ಜನ ಮೇಲಿನ ಡೆಕ್ಕಿಗೆ ಬಂದು ಕಂಬಿಗೆ ಆತುಕೊಂಡರು. ಗಂಡಸರು ದೋಣಿಯಿಂದ ಊರನ್ನು ಕಂಡಿದ್ದರು, ಆದರೆ ಇಷ್ಟು ಎತ್ತರದಿಂದ, ಹೆಂಡತಿ ಮಕ್ಕಳೊಂದಿಗೆ ಅಲ್ಲ. “ಅಯ್ಯೋ, ಇಷ್ಟೇನಾ ನಮ್ಮೂರು!” ಎಂದಳೊಬ್ಬಳು. ಪಕ್ಕದವಳು, “ಇಷ್ಟೊಂದಿದೆಯಾ!” ಎಂದಳು. ಅವರವರ ಮನೆ ಹುಡುಕಿ ಬೆರಳು ತೋರಿಸಿದರು. ಬಾಗಿಲು ಹಾಕಿಲ್ಲ ಎಂದು ಒಬ್ಬಾಕೆಗೆ ನೆನಪಾಗಿ, ಕಳ್ಳರೆಲ್ಲ ಇಲ್ಲೇ ಇದ್ದೇವಲ್ಲ ಎಂದು ಯಾರೋ ಸಮಾಧಾನ ಹೇಳಿದರು. ಅಡುಗೆಯವನೂ ಅಮ್ಮನೂ ಇದ್ದಬದ್ದ ಅಕ್ಕಿ, ಬೇಳೆ, ಆ ಈರುಳ್ಳಿ ಚೀಲವನ್ನೂ ಸೇರಿಸಿ ದೊಡ್ಡ ಹಂಡೆಗಳಲ್ಲಿ ಊರಿಗೆಲ್ಲ ಬೇಯಿಸಿದರು. ಅಕ್ಕ ಮಾತ್ರ ಒಂದು ಅಗುಳನ್ನೂ ಮುಟ್ಟದೆ, ಹಗ್ಗದ ಸುರುಳಿಯ ಮೇಲೆ ಹಸಿರು ಮುಖ ಹೊತ್ತು ಕೂತಿದ್ದಳು. ಆದರೂ ಕೆಳಗೆ ಹೋಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ದ್ವೀಪದ ಹಿಂಬದಿಯ ಬೆಣಚುಕಲ್ಲಿನ ದಡದ ಎದುರು ಹಡಗು ನಿಂತಿತು. ನೀರು ಏರುತ್ತಿತ್ತು. ತಮ್ಮ ಚುಕ್ಕಾಣಿಯ ಬಳಿ ನಿಂತು ತುಟಿ ಕಚ್ಚುತ್ತಿದ್ದ.

“ಮತ್ತೆ ಕೂತರೆ?” ಎಂದ ಮೆಲ್ಲಗೆ.

“ಕೂರಲ್ಲ. ಇದು ಕಲ್ಲು, ಹೀರಿಕೊಳ್ಳಲ್ಲ. ನೀರು ಏರ್ತಿದೆ. ಲಂಗರು ಬೇಗ ಬಿಡು, ಮೂತಿ ಅಷ್ಟೇ ತಾಗಿಸು.” ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. “ಟಬ್ಬಲ್ಲಿ ಮಾಡ್ತಿದ್ದೆಯಲ್ಲ, ಹಾಗೆ.”

“ಟಬ್ಬಲ್ಲಿ ಮುಳುಗಿಸ್ತಿದ್ದೆ ಕಣೇ!”

“ಅದೊಂದು ಬಿಟ್ಟು.”

ಅವನು ನಕ್ಕುಬಿಟ್ಟ. ನಕ್ಕ ಮೇಲೆ ಕೈ ಸಡಿಲವಾಯಿತು. ಲಂಗರು ಬಿತ್ತು, ಹಗ್ಗ ಬಿಚ್ಚಿಕೊಳ್ಳುತ್ತಾ ಬಂತು, ಕಲ್ಲುಗಳು ತಳಕ್ಕೆ ತಾಗಿ ಕರಕರ ಎಂದವು, ಹಡಗು ನಿಂತಿತು. ಬಾಗಿಲುಗಳು ತೆರೆ‍ದವು. ಹಲಗೆ ಚಾಚಿಕೊಂಡು ಒಣ ಕಲ್ಲಿನ ಮೇಲೆ ಹೋಗಿ ಮಲಗಿತು. ಮಕ್ಕಳು, ಅಜ್ಜಂದಿರು, ಬೇಕರಿಯವನು, ನಾಯಿಗಳು, ಎಲ್ಲರೂ ಪಾದ ನೆನೆಯದೆ ನಡೆದು ಹೋದರು. ಮೇಲಿಂದ ನೋಡುತ್ತಿದ್ದ ಅಕ್ಕನಿಗೆ ಕಣ್ಣು ತುಂಬಿತು. ಆ ಹಲಗೆಯ ಇಳಿಜಾರನ್ನು ಎಷ್ಟು ಸಲ ಅಳಿಸಿ ಬರೆದಿದ್ದಳೋ. ಬೂಟು ಹಾಕಿದ ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು; ನಿದ್ದೆ ಹೋದ ಮೊಮ್ಮಗುವನ್ನು ಹೆಗಲಿಗೆ ಹಾಕಿಕೊಂಡ ಅಜ್ಜಿಗೂ ಅದು ಸರಿಯಾಗಿಯೇ ಹೊಂದಿತ್ತು.

ಕೊನೆಗೆ ಇಳಿದವಳು ಟೀಚರಮ್ಮ. ಬಗಲಲ್ಲಿ ಕಪ್ಪುಹಲಗೆ. “ಶಾಲೆಗೆ ಮಾಡು ಹಾಕೋ ಸಾಮಾನು ತರೋವಾಗ ಇದೇ ಹಡಗಲ್ಲಿ ತರಬೇಕು,” ಎಂದು ತಮ್ಮನಿಗೆ ತಾಕೀತು ಮಾಡಿದಳು. ಅವನು ಸೆಲ್ಯೂಟ್ ಹೊಡೆದ. ಎಲ್ಲರೂ ಕೈಬೀಸುತ್ತಿರುವಾಗ ವಿಂಚ್ ತಿರುಗಿತು, ಹಡಗು ಒಂದು ಚೂರೂ ಹಟ ಮಾಡದೆ ಹಿಂದೆ ಸರಿದು ಬಂತು.

ಗುಜರಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಆಮೇಲಿನ ವರ್ಷಗಳಲ್ಲಿ ಚಪ್ಪಲಿಯನ್ನು ಸಣ್ಣ ದ್ವೀಪಗಳಿಗೆ ಸಾಮಾನು ಮುಟ್ಟಿಸುವ ಕೆಲಸಕ್ಕೇ ಹಾಕಿದರು, ಮತ್ತು ಅದು ಮೊದಲು ಹೊತ್ತೊಯ್ದದ್ದು ಶಾಲೆಯ ಮಾಡಿನ ತಗಡುಗಳನ್ನು. ಆದರೆ ಅದೆಲ್ಲ ಆಮೇಲೆ. ಆ ಸಂಜೆ ತಮ್ಮ, ನಾಳೆ ಸಾಮಾನಿನ ದೋಣಿಯಲ್ಲಿ ಹೋಗುತ್ತೀಯಾ, ಅದು ಸ್ವಲ್ಪ ಕಡಿಮೆ ಹೊರಳುತ್ತದೆ ಎಂದು ಅಕ್ಕನನ್ನು ಕೇಳಿದ. ಅಕ್ಕ ಬೇಡವೆಂದು ತಲೆಯಾಡಿಸಿದಳು. ತನ್ನ ಹಡಗಿನಲ್ಲೇ ಮನೆಗೆ ಹೋಗುತ್ತೇನೆ, ಸತ್ತರೂ ಸರಿ ಎಂದಳು.

ತೆರೆದ ಸಮುದ್ರಕ್ಕೆ ಬಂದದ್ದೇ ಚಪ್ಪಲಿ ತಟ್ಟೆಯಂತೆ ಹೊರಳತೊಡಗಿತು. ಅಕ್ಕ ಚುಕ್ಕಾಣಿ ಕೋಣೆಯ ನೆಲದ ಮೇಲೆ ಅಂಗಾತ ಮಲಗಿದ್ದಳು.

“ಹೇಗಿದೆ ಅಕ್ಕಾ ಹಡಗು?”

“ಹೊರಳೋದು ಜಾಸ್ತಿ,” ಎಂದಳು ಕಣ್ಣು ಮುಚ್ಚಿಕೊಂಡೇ. “ಬರೆದವಳು ಕೈಗೆ ಸಿಕ್ಕಲಿ, ಕೇಳ್ತೀನಿ.”

ಕ್ಯಾಪ್ಟನ್ನಿನ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ ಅಮ್ಮ ಕಿಟಕಿಯಾಚೆ ಕತ್ತು ಚಾಚಿ ನೋಡುತ್ತಿದ್ದಳು. “ದಾರೀಲಿ ಇನ್ನೊಂದು ದ್ವೀಪ ಏನಾದ್ರೂ ಇದೆಯೇನೋ?” ಎಂದು ಕೇಳಿದಳು.